ಉಗಿ ಟ್ರಾಲರ್‌ನಲ್ಲಿ ಕಲ್ಲಿದ್ದಲಿಗೆ ಎಷ್ಟು ಜಾಗ, ಮೀನಿಗೆ ಎಷ್ಟು ಜಾಗ?

ಪಡುಗಡಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಮಲ್ಪೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟ್ರಾಲ್ ಬೋಟಿನ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ ಇದ್ದವರು. ಕಳೆದ ವಾರ ದಕ್ಷಿಣ ಅಟ್ಲಾಂಟಿಕ್ ಸಾಗರದ ದಕ್ಷಿಣ ಜಾರ್ಜಿಯಾ ದ್ವೀಪದ ಗ್ರಿಟ್‌ವಿಕನ್ ಎಂಬಲ್ಲಿ ದಡಕ್ಕೆ ಒರಗಿ ತುಕ್ಕು ಹಿಡಿಯುತ್ತಿರುವ ಒಂದು ಹಳೆಯ ಹಡಗಿನ ಚಿತ್ರವನ್ನು ಅವರಿಗೆ ತೋರಿಸಿದೆ. ಅದರ ಮೊದಲ ಹೆಸರು ವಯೋಲಾ ಎಂದೂ, 1906ರಲ್ಲಿ ಇಂಗ್ಲೆಂಡಿನ ಹಲ್ ಬಂದರಿನ ಮೀನುಗಾರಿಕೆಗಾಗಿ ಕಟ್ಟಿದ ಉಗಿ ಟ್ರಾಲರ್, ಅಂದರೆ ಉಗಿಯಂತ್ರದಿಂದ ಬಲೆ ಎಳೆದು ಮೀನು ಹಿಡಿಯುವ ಹಡಗು, ಅದು ಎಂದೂ ಚಿತ್ರದ ಕೆಳಗೆ ಬರೆದಿತ್ತು. ತಂದೆಯವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇಷ್ಟುದ್ದದ ಹೊಗೆಕೊಳವೆ ಇದೆ ಅಂದ ಮೇಲೆ ಅದರ ಕೆಳಗೆ ಬಾಯ್ಲರ್ ಇರಬೇಕು, ಬಾಯ್ಲರಿಗೆ ವಾರಗಟ್ಟಲೆ ಸಾಲುವಷ್ಟು ಕಲ್ಲಿದ್ದಲು ಇರಬೇಕು, ಇಷ್ಟೆಲ್ಲ ತುಂಬಿದ ಮೇಲೆ ಮೀನು ಎಲ್ಲಿ ಹಾಕುತ್ತಿದ್ದರು ಮಾರಾಯ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ.

ಅವರ ಇನ್ನೊಂದು ಸಂಶಯ ಬಲೆಯ ಕುರಿತಾದುದು. ನಮ್ಮ ಬೋಟುಗಳಲ್ಲಿ ಬಲೆಯನ್ನು ಹಿಂಬದಿಯಿಂದ ಬಿಟ್ಟು ಹಿಂಬದಿಯಿಂದಲೇ ಎಳೆಯುತ್ತಾರೆ. ಆ ಕಾಲದ ಟ್ರಾಲರ್‌ಗಳಲ್ಲಿ ಹಡಗಿನ ಪಕ್ಕದಲ್ಲಿ, ಮುಂದೊಂದು ಹಿಂದೊಂದರಂತೆ ಕಮಾನಿನ ಆಕಾರದ ಕಬ್ಬಿಣದ ಚೌಕಟ್ಟುಗಳಿರುತ್ತಿದ್ದವಂತೆ. ಪಕ್ಕದಿಂದ ಬಲೆ ಬಿಟ್ಟರೆ ಅದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವುದಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು. ಉತ್ತರವನ್ನು ನಾನು ಅವರಿಗೆ ಓದಿ ಹೇಳಬೇಕಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆದರೆ ಉಪಕಾರವಾಗುತ್ತದೆ.

ಹಳೆಯ ಬಾಯ್ಲರ್

ತಮ್ಮ ತಂದೆಯವರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ನಾನು ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು. ತರಬೇತಿಯ ದಿನಗಳಲ್ಲಿ ಉಗಿಯಂತ್ರದ ಹಡಗೊಂದರಲ್ಲಿ ಕೆಲಸ ಮಾಡಿದ್ದೇನೆ, ಆದರೆ ಅದು ತೈಲ ಉರಿಸುತ್ತಿತ್ತು. ಇದ್ದಿಲಿನ ಸಲಿಕೆ ಹಿಡಿದ ಹಿರಿಯರ ಮಾತುಗಳನ್ನು ಕೇಳಿದ್ದೇನೆಯೇ ಹೊರತು ನಾನೇ ಹಿಡಿದವನಲ್ಲ.

ಜಾಗದ ವಿಷಯ ಹೀಗಿದೆ. ಉತ್ತರ ಸಮುದ್ರವನ್ನು ದಾಟಿ ಐಸ್‌ಲ್ಯಾಂಡ್, ಬೇರ್ ದ್ವೀಪ, ಬೇರೆಂಟ್ಸ್ ಸಮುದ್ರಗಳವರೆಗೆ ಹೋಗುತ್ತಿದ್ದ ದೊಡ್ಡ ಟ್ರಾಲರ್‌ಗಳಿಗೆ ಹೋಗಿ ಬರುವುದಕ್ಕೆ ಸುಮಾರು ಮೂರು ವಾರ ಹಿಡಿಯುತ್ತಿತ್ತು. ಬಾಯ್ಲರಿನ ಸುತ್ತಮುತ್ತಲಿನ ಇದ್ದಿಲ ಕೋಣೆಗಳು ಅಷ್ಟು ದಿನಕ್ಕೆ ಸಾಲುತ್ತಿರಲಿಲ್ಲ. ಆದ್ದರಿಂದ ಹೊರಡುವಾಗ ಮೀನಿನ ಕೋಣೆಯ ಒಂದು ಭಾಗಕ್ಕೂ ಇದ್ದಿಲನ್ನೇ ತುಂಬುತ್ತಿದ್ದರು, ಉಳಿದ ಭಾಗದಲ್ಲಿ ಪುಡಿ ಮಾಡಿದ ಮಂಜುಗಡ್ಡೆ ಇರುತ್ತಿತ್ತು. ಮೀನಿನ ಜಾಗಕ್ಕೆ ತಲುಪುವುದರೊಳಗೆ ಮೊದಲು ಆ ಇದ್ದಿಲನ್ನೇ ಉರಿಸಿ ಮುಗಿಸಬೇಕು. ಬರಿದಾದ ಭಾಗವನ್ನು ಗುಡಿಸಿ, ನೀರು ಹೊಡೆದು ತೊಳೆದು, ಹಲಗೆಗಳನ್ನು ಜೋಡಿಸಿ ಮೀನಿಗೆ ಅಣಿ ಮಾಡಬೇಕು. ಹೋಗುವಾಗ ಇದ್ದಿಲಿದ್ದ ಜಾಗದಲ್ಲಿ ಬರುವಾಗ ಕಾಡ್ ಮೀನು ಮಲಗಿರುತ್ತಿತ್ತು. ಹಡಗಿನ ಹೊಟ್ಟೆ ಒಂದೇ, ಬಾಡಿಗೆದಾರರು ಇಬ್ಬರು.

ಈ ವ್ಯವಸ್ಥೆಯ ಭಾರ ಬೀಳುತ್ತಿದ್ದುದು ಇದ್ದಿಲು ಸಾಗಿಸುವ ಆಳಿನ ಮೇಲೆ. ಮೀನಿನ ಕೋಣೆಯ ಇದ್ದಿಲನ್ನು ಒಂದು ಸಣ್ಣ ಕಿಂಡಿಯ ಮೂಲಕ ಬಾಯ್ಲರಿನ ಮುಂದಕ್ಕೆ ತಂದು ಹಾಕುವುದು ಅವನ ಕೆಲಸ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಸಲಿಕೆಯಲ್ಲಿದ್ದುದು ಮತ್ತೆ ಹಿಂದಕ್ಕೇ ಸುರಿದುಹೋಗುತ್ತಿತ್ತು. ಬೆಂಕಿಯ ಕೆಲಸದಲ್ಲಿ ಸಾಮಾನ್ಯವಾಗಿ ಮುಖ್ಯ ಎಂಜಿನಿಯರನ ಜೊತೆಗೆ ಒಬ್ಬ ಆಳು, ಎರಡನೆಯ ಎಂಜಿನಿಯರನ ಜೊತೆಗೆ ಇನ್ನೊಬ್ಬ, ಹೀಗೆ ಎರಡು ಜೋಡಿಗಳು ಆರಾರು ಗಂಟೆಗಳ ಪಾಳಿಯಲ್ಲಿ ದುಡಿಯುತ್ತಿದ್ದವು. ಒಲೆಗೆ ಇದ್ದಿಲು ಎಸೆದರಷ್ಟೇ ಸಾಲದು. ಕರಗಿ ಗಟ್ಟಿಯಾದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ಹೊರಗೆಳೆಯಬೇಕು, ಬೆಂಕಿಯನ್ನು ತೆಳುವಾಗಿ ಎಲ್ಲ ಕಡೆಗೂ ಸಮನಾಗಿ ಹರಡಿರಬೇಕು, ಒಲೆಯ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡಬಾರದು. ತಣ್ಣನೆಯ ಗಾಳಿ ಒಳಗೆ ನುಗ್ಗಿದರೆ ಉಗಿಯ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಮೇಲಿನಿಂದ ಕಪ್ತಾನನ ಬೈಗುಳ ಇಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಉಗಿ ಎಂದೊಡನೆ ನಾವು ಪ್ರೊಪೆಲ್ಲರನ್ನು ನೆನೆಯುತ್ತೇವೆ. ಆದರೆ ಮೀನುಗಾರನ ಬದುಕನ್ನು ನಿಜವಾಗಿ ಬದಲಾಯಿಸಿದ್ದು ವಿಂಚ್, ಅಂದರೆ ಹಗ್ಗ ಸುತ್ತಿ ಬಲೆ ಎಳೆಯುವ ಯಂತ್ರ. ಹಾಯಿದೋಣಿಗಳ ಕಾಲದಲ್ಲಿ ಬಲೆಯ ಬಾಯಿ ತೆರೆದಿರಲೆಂದು ಉದ್ದನೆಯ ಮರದ ತೊಲೆಯನ್ನು ಕಟ್ಟುತ್ತಿದ್ದರು. ಆ ತೊಲೆಯನ್ನೂ ಬಲೆಯನ್ನೂ ಕೈಯಿಂದ ತಿರುಗಿಸುವ ರಾಟೆಯಲ್ಲಿ ಮೇಲಕ್ಕೆತ್ತಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಈ ಕಾರಣದಿಂದಲೇ ಅನೇಕ ಹಾಯಿದೋಣಿಗಳಿಗೆ ಉಗಿ ಮೊದಲು ಬಂದದ್ದು ದೋಣಿಯನ್ನು ಓಡಿಸಲಿಕ್ಕಲ್ಲ, ಈ ರಾಟೆಯನ್ನು ತಿರುಗಿಸಲಿಕ್ಕೆ. 1877ರಲ್ಲಿ ನಾರ್ತ್ ಶೀಲ್ಡ್ಸ್ ಊರಿನ ವಿಲಿಯಂ ಪರ್ಡಿ ಎಂಬವನು ಮೆಸೆಂಜರ್ ಎಂಬ ತನ್ನ ಉಗಿ ಟಗ್ ಹಡಗಿಗೆ ಬಲೆ ಕಟ್ಟಿ ಎಳೆದು ನೋಡಿದ. 1881ರಲ್ಲಿ ಗ್ರಿಮ್ಸ್‌ಬಿ ಬಂದರಿಗಾಗಿ ಟ್ರಾಲಿಂಗ್‌ಗೆಂದೇ ಜೋಡಿಯಾಕ್ ಎಂಬ ಉಗಿಹಡಗನ್ನು ಕಟ್ಟಿದರು. 1890ರ ದಶಕದ ನಡುವೆ ಸ್ಕಾಟ್ಲೆಂಡಿನ ಗ್ರಾಂಟನ್‌ನಲ್ಲಿ, ಇಂದು ಮಲ್ಪೆಯ ಬೋಟುಗಳಲ್ಲಿಯೂ ಇರುವ, ಬಲೆಯ ಎರಡು ಬದಿಗೆ ಕಟ್ಟುವ ಆ ಎರಡು ಬೋರ್ಡುಗಳು ಬಳಕೆಗೆ ಬಂದವು. ನೀರಿನಲ್ಲಿ ಓರೆಯಾಗಿ ಸಾಗುವಾಗ ಅವು ಗಾಳಿಪಟದಂತೆ ಒಂದೊಂದು ಕಡೆಗೆ ಸರಿದು ಬಲೆಯ ಬಾಯನ್ನು ಅಗಲಿಸುತ್ತವೆ. ಹೀಗೆ ತೊಲೆ ಹೋಯಿತು, ಬಲೆಯ ಅಗಲಕ್ಕಿದ್ದ ಮಿತಿಯೂ ಹೋಯಿತು.

ಆದರೆ ಗಾಳಿ ನಿಂತಾಗ ಹಾಯಿದೋಣಿಯವನಿಗೆ ನಿದ್ದೆ ಸಿಗುತ್ತಿತ್ತು, ಬಾಯ್ಲರ್ ಇರುವವನಿಗೆ ಆ ನೆಪವೂ ಉಳಿಯಲಿಲ್ಲ. ಬಲೆಯನ್ನು ಮೂರು ಗಂಟೆ ಎಳೆ, ಎತ್ತು, ಖಾಲಿ ಮಾಡು, ಮತ್ತೆ ಬಿಡು. ಗಡಿಯಾರವೇ ಯಜಮಾನನಾಯಿತು.

ಪಕ್ಕದಿಂದ ಬಲೆ ಬಿಡುವ ಕುರಿತು. ಬಲೆ ಬಿಡುವಾಗ ಕಪ್ತಾನನು ಬಲೆಯಿರುವ ಪಕ್ಕವನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ಹಡಗನ್ನು ನಿಲ್ಲಿಸುತ್ತಿದ್ದ. ಗಾಳಿ ಹಡಗನ್ನು ಬಲೆಯಿಂದ ದೂರಕ್ಕೆ ತಳ್ಳುತ್ತಿದ್ದುದರಿಂದ ಬಲೆ ಹಡಗಿನ ಅಡಿಗೆ ನುಗ್ಗದೆ ಹೊರಗೇ ತೇಲುತ್ತಿತ್ತು. ಆಮೇಲೆ ಹಡಗು ನಿಧಾನವಾಗಿ ಸುತ್ತು ಹೊಡೆದು, ಮುಂದಿನ ಮತ್ತು ಹಿಂದಿನ ಚೌಕಟ್ಟುಗಳಿಂದ ಹೊರಟ ಎರಡು ಉಕ್ಕಿನ ಹಗ್ಗಗಳನ್ನು ಹಿಂಬದಿಯ ಹತ್ತಿರ ಒಂದು ಗಟ್ಟಿ ಕೊಕ್ಕೆಯೊಳಗೆ ಸೇರಿಸಿ ಬಂಧಿಸುತ್ತಿದ್ದರು, ಹೀಗಾಗಿ ಎಳೆಯುವ ಹೊತ್ತಿನಲ್ಲಿ ಹಗ್ಗಗಳು ಪ್ರೊಪೆಲ್ಲರಿನಿಂದ ದೂರ ಇರುತ್ತಿದ್ದವು. ಬಲೆ ಎತ್ತುವ ಸಮಯ ಬಂದಾಗ ಒಬ್ಬನು ಹೋಗಿ ಸುತ್ತಿಗೆಯಿಂದ ಆ ಕೊಕ್ಕೆಯ ಅಗುಳಿಯನ್ನು ಹೊಡೆದು ಬಿಡಿಸಬೇಕು. ಬಿಗಿದು ನಿಂತಿದ್ದ ಹಗ್ಗಗಳು ಬಂದೂಕಿನ ಗುಂಡಿನಂತೆ ಹೊರಕ್ಕೆ ಚಿಮ್ಮುತ್ತಿದ್ದವು. ಆ ಹೊತ್ತಿಗೆ ತಪ್ಪಾದ ಕಡೆ ನಿಂತವನ ಕಾಲು ಅವನದಾಗಿ ಉಳಿಯುತ್ತಿರಲಿಲ್ಲ.

ಹಂಬರ್ ದಂಡೆ

ಹಳೆಯ ಬಾಯ್ಲರ್ ಅವರ ವಿವರಣೆ ಓದಿ ಸಂತೋಷವಾಯಿತು. ಆದರೆ ಒಂದು ಸಣ್ಣ ತಿದ್ದುಪಡಿ ಅಗತ್ಯ. ಅವರು ಹೇಳಿದ ಇದ್ದಿಲು ಮತ್ತು ಮೀನಿನ ಒಪ್ಪಂದ ದೂರದ ಕಡಲಿಗೆ ಹೋಗುತ್ತಿದ್ದ ದೊಡ್ಡ ಹಡಗುಗಳಿಗೆ ಸಂಬಂಧಿಸಿದ್ದು. ವಯೋಲಾ ಆ ಜಾತಿಯದಲ್ಲ. ನಾನು ಉದ್ಯೋಗದ ಸಲುವಾಗಿ ಹನ್ನೊಂದು ವರ್ಷಗಳಿಂದ ಹಲ್ ನಗರದ ಹತ್ತಿರ ವಾಸವಾಗಿದ್ದೇನೆ. ಇಲ್ಲಿಯವರಿಗೆ ಈ ಹಡಗಿನ ಮೇಲೆ ಮಮತೆ ಇದೆ, ಅದನ್ನು ಮರಳಿ ಊರಿಗೆ ತರಬೇಕೆಂದು ಒಂದು ಟ್ರಸ್ಟ್ ಕೂಡ ಪ್ರಯತ್ನಿಸುತ್ತಿದೆ.

ವಯೋಲಾವನ್ನು ಕಟ್ಟಿದ್ದು ಹಲ್‌ಗೆ ಸಮೀಪದ ಬೆವರ್ಲಿ ಎಂಬ ಊರಿನಲ್ಲಿ. ಅಲ್ಲಿಯ ನದಿ ಎಷ್ಟು ಕಿರಿದೆಂದರೆ ಹಡಗನ್ನು ಉದ್ದಕ್ಕೆ ನೀರಿಗಿಳಿಸಲು ಆಗದೆ ಪಕ್ಕಕ್ಕೆ ಜಾರಿಸಿ ಬೀಳಿಸುತ್ತಿದ್ದರು, ಬಳಿಕ ಹಲ್‌ಗೆ ಎಳೆದು ತಂದು ಯಂತ್ರವನ್ನು ಕೂರಿಸುತ್ತಿದ್ದರು. ಉದ್ದ ಸುಮಾರು 108 ಅಡಿ. ಹೆಲ್ಯರ್ ಮನೆತನದ ಕಂಪನಿಯ ಈ ಹಡಗುಗಳಿಗೆಲ್ಲ ಶೇಕ್ಸ್‌ಪಿಯರನ ಪಾತ್ರಗಳ ಹೆಸರು. ಮೀನಿನ ವಾಸನೆಯ ನಡುವೆ ಇಂಥ ಹೆಸರುಗಳನ್ನು ಹೊಂದಿಸಿದ ಯಜಮಾನರ ರುಚಿಯನ್ನು ಮೆಚ್ಚಲೇಬೇಕು.

ಇವು ಗುಂಪಾಗಿ ಮೀನು ಹಿಡಿಯುತ್ತಿದ್ದ ಹಡಗುಗಳು. ಉತ್ತರ ಸಮುದ್ರದ ಡಾಗರ್ ಬ್ಯಾಂಕ್ ಎಂಬ ಆಳ ಕಡಿಮೆಯಿರುವ ಪ್ರದೇಶದ ಸುತ್ತ ಹತ್ತಾರು ಟ್ರಾಲರ್‌ಗಳು ಐದಾರು ವಾರ ಒಟ್ಟಿಗೇ ಇರುತ್ತಿದ್ದವು. ಗುಂಪಿಗೆ ಒಬ್ಬ ಹಿರಿಯ ಕಪ್ತಾನನಿದ್ದ, ಅವನನ್ನು ಅಡ್ಮಿರಲ್ ಎಂದೇ ಕರೆಯುತ್ತಿದ್ದರು. ಹಗಲು ಬಾವುಟದಿಂದ, ರಾತ್ರಿ ಬೆಳಕಿನ ಬಾಣದಿಂದ ಅವನು ಸನ್ನೆ ಮಾಡಿದಾಗ ಎಲ್ಲರೂ ಬಲೆ ಬಿಡಬೇಕು. ಹಿಡಿದ ಮೀನನ್ನು ಹೊಟ್ಟೆ ಸೀಳಿ, ತೊಳೆದು, ಮರದ ಪೆಟ್ಟಿಗೆಗಳಿಗೆ ತುಂಬಿ, ಅಲ್ಲಿಗೆ ಬರುವ ವೇಗದ ಸಾಗಣೆ ಹಡಗಿಗೆ ಒಪ್ಪಿಸುತ್ತಿದ್ದರು. ಅದು ನೇರವಾಗಿ ಲಂಡನ್ನಿನ ಬಿಲಿಂಗ್ಸ್‌ಗೇಟ್ ಮಾರುಕಟ್ಟೆಗೆ ಓಡುತ್ತಿತ್ತು. ಹೀಗೆ ಮೀನು ವಯೋಲಾದಲ್ಲಿ ಹೆಚ್ಚು ದಿನ ಉಳಿಯುತ್ತಲೇ ಇರಲಿಲ್ಲ. ಆದ್ದರಿಂದ ತಮ್ಮ ತಂದೆಯವರ ಪ್ರಶ್ನೆಗೆ ವಯೋಲಾದ ಮಟ್ಟಿಗೆ ಉತ್ತರ ಇಷ್ಟೇ: ಮೀನನ್ನು ಇಟ್ಟುಕೊಳ್ಳುತ್ತಿರಲಿಲ್ಲ, ದಾಟಿಸುತ್ತಿದ್ದರು.

ಆ ದಾಟಿಸುವ ಕೆಲಸವೇ ಅತ್ಯಂತ ಭಯಂಕರವಾಗಿತ್ತು. ಪೆಟ್ಟಿಗೆಗಳನ್ನು ಹುಟ್ಟು ಹಾಕುವ ಸಣ್ಣ ದೋಣಿಗೆ ಪೇರಿಸಿ, ಇಬ್ಬರು ಮೂವರು ಅದರಲ್ಲಿ ನಿಂತು ತೆರೆದ ಕಡಲಿನಲ್ಲಿ ಸಾಗಣೆ ಹಡಗಿನವರೆಗೆ ಹೋಗಬೇಕು. ಅಲೆಯ ಮೇಲೆ ದೋಣಿ ಏರಿದ ಕ್ಷಣವನ್ನೇ ನೋಡಿಕೊಂಡು ಭಾರದ ಪೆಟ್ಟಿಗೆಯನ್ನು ಮೇಲಿನವರ ಕೈಗೆ ಎತ್ತಿ ಕೊಡಬೇಕು. ಅರೆಕ್ಷಣ ತಡವಾದರೆ ದೋಣಿ ಕೆಳಗಿಳಿದಿರುತ್ತದೆ, ಪೆಟ್ಟಿಗೆ ಎದೆಯ ಮೇಲಿರುತ್ತದೆ. ಮಂಡಿ ಮೀರುವ ಬೂಟು, ದಪ್ಪ ಉಣ್ಣೆಯ ಬಟ್ಟೆ ತೊಟ್ಟವನು ನೀರಿಗೆ ಬಿದ್ದರೆ ಮೇಲೇಳುವುದು ಅಪರೂಪ. ಬೇಗ ತಲುಪಿದ ಪೆಟ್ಟಿಗೆಗೆ ಒಳ್ಳೆಯ ಬೆಲೆ ಎಂಬ ಕಾರಣಕ್ಕೆ ದೋಣಿಗಳ ನಡುವೆ ಪೈಪೋಟಿ ಬೇರೆ.

ಇಂಥದೇ ಒಂದು ಗುಂಪಿನ ಮೇಲೆ 1904ರ ಅಕ್ಟೋಬರ್ 21ರ ರಾತ್ರಿ ರಷ್ಯದ ನೌಕಾಪಡೆ ಗುಂಡಿನ ಮಳೆಗರೆಯಿತು. ಜಪಾನಿನ ಜೊತೆ ಯುದ್ಧಕ್ಕೆ ಹೊರಟಿದ್ದ ಆ ಹಡಗುಗಳು ಮೀನು ಹಿಡಿಯುತ್ತಿದ್ದ ಟ್ರಾಲರ್‌ಗಳನ್ನು ಜಪಾನಿನ ಟಾರ್ಪಿಡೊ ದೋಣಿಗಳೆಂದು ಭ್ರಮಿಸಿದವು. ಸರ್ಚ್‌ಲೈಟ್ ಬೆಳಕಿನಲ್ಲಿ ಕಣ್ಣು ಕೋರೈಸಿದಾಗ ನಾವು ಬೆಸ್ತರು ಎಂದು ತೋರಿಸಲು ಕೆಲವರು ಕೈಯಲ್ಲಿದ್ದ ಮೀನನ್ನೇ ಮೇಲೆತ್ತಿ ಹಿಡಿದರಂತೆ. ಕ್ರೇನ್ ಎಂಬ ಟ್ರಾಲರ್ ಮುಳುಗಿತು, ಇಬ್ಬರು ಅಲ್ಲಿಯೇ ಸತ್ತರು, ಮೂರನೆಯವನು ಕೆಲವು ತಿಂಗಳ ನಂತರ ತೀರಿಕೊಂಡ. ರಷ್ಯ 66,000 ಪೌಂಡ್ ಪರಿಹಾರ ಕೊಟ್ಟಿತು. ಸತ್ತ ಬೆಸ್ತರ ನೆನಪಿನ ಪ್ರತಿಮೆ ವಯೋಲಾ ಹುಟ್ಟಿದ 1906ರಲ್ಲೇ ಹಲ್‌ನ ಹೆಸ್ಲ್ ರೋಡಿನಲ್ಲಿ ನಿಂತಿತು. ಅದೇ ಬೆಸ್ತರ ಕೇರಿ. ಗಂಡ ಕಡಲಿಗೆ ಹೊರಟ ದಿನ ಬಟ್ಟೆ ಒಗೆದರೆ ಅವನೂ ಕೊಚ್ಚಿಹೋಗುತ್ತಾನೆ ಎಂದು ಹೆಂಗಸರು ಒಗೆಯುತ್ತಿರಲಿಲ್ಲ ಎಂಬುದನ್ನು ಇಲ್ಲಿಯ ಅಜ್ಜಿಯರು ಇಂದಿಗೂ ಹೇಳುತ್ತಾರೆ.

ವಯೋಲಾದ ಮುಂದಿನ ಕಥೆ ಚುಟುಕಾಗಿ ಹೇಳುವುದಾದರೆ, 1914ರಲ್ಲಿ ಬ್ರಿಟಿಷ್ ನೌಕಾಪಡೆ ಮೊದಲನೆಯ ಮಹಾಯುದ್ಧಕ್ಕಾಗಿ ಇತರ ಅನೇಕ ಟ್ರಾಲರ್‌ಗಳೊಂದಿಗೆ ಅದನ್ನೂ ವಶಕ್ಕೆ ತೆಗೆದುಕೊಂಡು ಜಲಾಂತರ್ಗಾಮಿಗಳ ಬೇಟೆಗೆ ಹಚ್ಚಿತು. ಯುದ್ಧ ಮುಗಿದ ಮೇಲೆ ಅದು ನಾರ್ವೆಯವರ ಪಾಲಾಗಿ ತಿಮಿಂಗಿಲ ಬೇಟೆಗೆ ಹೋಯಿತು, ಡಿಯಾಸ್ ಎಂದು ಹೆಸರು ಬದಲಾಯಿತು, 1927ರಿಂದ ಗ್ರಿಟ್‌ವಿಕನ್‌ನಲ್ಲಿ ಸೀಲ್ ಬೇಟೆಗೆ ದುಡಿಯಿತು. 1960ರ ದಶಕದಲ್ಲಿ ಅಲ್ಲಿಯ ತಿಮಿಂಗಿಲ ಬೇಟೆಯ ಕೇಂದ್ರ ಮುಚ್ಚಿದ ಮೇಲೆ ಅಲ್ಲಿಯೇ ಉಳಿಯಿತು. ಅದರ ಉಗಿಯಂತ್ರ ಇಂದಿಗೂ ಒಳಗೇ ಇದೆ.

ಪಡುಗಡಲು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಎಲ್ಲವನ್ನೂ ತಂದೆಯವರಿಗೆ ಓದಿ ಹೇಳಿದೆ. ಸುತ್ತಿಗೆಯಿಂದ ಕೊಕ್ಕೆ ಬಿಡಿಸುವ ಭಾಗ ಬಂದಾಗ, ನಿಲ್ಲಿಸಿ ಇನ್ನೊಮ್ಮೆ ಓದು ಎಂದರು. ಅವರ ಬಲಗೈಯ ಕಿರುಬೆರಳು ವಿಂಚಿನ ಹಗ್ಗಕ್ಕೆ ಸಿಕ್ಕಿ ಅರ್ಧ ಹೋಗಿದೆ. ಅದರ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರ ಹೊಸ ಪ್ರಶ್ನೆಗಳು ಎರಡು. ನಮ್ಮಲ್ಲಿ ಡೀಸೆಲ್, ಐಸ್, ರೇಷನ್ನಿನ ಖರ್ಚು ಕಳೆದು ಉಳಿದದ್ದರಲ್ಲಿ ತಾಂಡೇಲನಿಗೂ ಕಲಾಸಿಗಳಿಗೂ ಪಾಲು ಇರುತ್ತದೆ. ಅಲ್ಲಿ ಹೇಗಿತ್ತು? ಎರಡನೆಯದು, ಇಂಥ ಉಗಿ ಟ್ರಾಲರ್ ನಮ್ಮ ಕಡಲಿಗೆ ಎಂದಾದರೂ ಬಂದಿತ್ತೇ?

ದಕ್ಕೆ ಲೆಕ್ಕಿಗ

ನಾನು ಕರಾವಳಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮೀನುಗಾರಿಕೆಯ ಲೆಕ್ಕಪತ್ರ ನನಗೆ ಹಳೆಯ ಹುಚ್ಚು. ಮೊದಲ ಪ್ರಶ್ನೆಗೆ ಉತ್ತರ, ಹಡಗು ಒಂದೇ ಆದರೂ ಕೂಲಿಯ ಪದ್ಧತಿ ಎರಡಾಗಿತ್ತು. ಕಪ್ತಾನ ಮತ್ತು ಅವನ ಕೆಳಗಿನ ಮೇಟ್, ಈ ಇಬ್ಬರಿಗೆ ಸಂಬಳವಿಲ್ಲ, ಪಾಲು ಮಾತ್ರ. ಇದ್ದಿಲು, ಐಸು, ಬಂದರಿನ ಶುಲ್ಕ ಎಲ್ಲವನ್ನೂ ಕಳೆದ ಮೇಲೆ ಏನೂ ಉಳಿಯದಿದ್ದರೆ ಅವರು ಬರಿಗೈಯಲ್ಲಿ ಮನೆಗೆ ಹೋಗಬೇಕು, ಕೆಲವೊಮ್ಮೆ ಕಂಪನಿಗೆ ಸಾಲಗಾರರಾಗಿಯೇ ಇಳಿಯಬೇಕಾಗುತ್ತಿತ್ತು. ಉಳಿದವರಿಗೆ ವಾರಕ್ಕಿಷ್ಟೆಂಬ ಸಂಬಳ, ಅದರ ಮೇಲೆ ಮೀನು ಮಾರಿದ ಹಣದಲ್ಲಿ ಪೌಂಡಿಗಿಷ್ಟೆಂದು ಒಂದು ಸಣ್ಣ ಅಂಶ. ಮೀನಿನ ಪಿತ್ತಕೋಶವನ್ನು, ಅಂದರೆ ಲಿವರನ್ನು ಹಡಗಿನ ಹಿಂಭಾಗದ ಪಾತ್ರೆಯಲ್ಲಿ ಉಗಿಯಿಂದಲೇ ಬೇಯಿಸಿ ಎಣ್ಣೆ ತೆಗೆಯುತ್ತಿದ್ದರು. ಆ ಎಣ್ಣೆಯ ಹಣವನ್ನು ಬೇರೆಯಾಗಿ ಹಂಚುತ್ತಿದ್ದರು. (ಪಿತ್ತಕೋಶವೆಂದು ಬರೆದದ್ದು ತಪ್ಪು, ಯಕೃತ್ತು ಎಂದು ಓದಿಕೊಳ್ಳಬೇಕಾಗಿ ವಿನಂತಿ. ಇಲ್ಲಿ ತಿದ್ದುವ ಸೌಲಭ್ಯ ನನಗೆ ಸಿಗುತ್ತಿಲ್ಲ.)

ಈ ಪದ್ಧತಿ ಕಪ್ತಾನನ ಮೇಲೆ ಏನು ಮಾಡುತ್ತದೆಂಬುದನ್ನು ತಮ್ಮ ತಂದೆಯವರಿಗೆ ವಿವರಿಸಬೇಕಾಗಿಲ್ಲ. ಪಾಲು ಮಾತ್ರ ಇರುವವನು ಹವೆ ಕೆಟ್ಟರೂ ಇನ್ನೊಂದು ಎಳೆತಕ್ಕೆ ಆಸೆ ಪಡುತ್ತಾನೆ. ದೂರದ ಕಡಲಿನ ಟ್ರಾಲರ್‌ಗಳಲ್ಲಿ ಡೆಕ್ಕಿನ ಮೇಲಿನವರು ಮೀನು ಸಿಗುವ ದಿನಗಳಲ್ಲಿ ಹದಿನೆಂಟು ಗಂಟೆ ದುಡಿದು ಆರು ಗಂಟೆ ಮಲಗುತ್ತಿದ್ದರು. ಚಳಿಗಾಲದ ಉತ್ತರದಲ್ಲಿ ಹಗಲೇ ಇರುವುದಿಲ್ಲವಾದ್ದರಿಂದ ದೀಪದ ಬೆಳಕಿನಲ್ಲಿ, ಮರಗಟ್ಟಿದ ಬೆರಳುಗಳಲ್ಲಿ ಚೂರಿ ಹಿಡಿದು, ಮೊಣಕಾಲಿನವರೆಗಿನ ಮೀನಿನ ರಾಶಿಯೊಳಗೆ ನಿಂತು ಕರುಳು ತೆಗೆಯುವ ಕೆಲಸ. 1955ರ ಜನವರಿ 26ರಂದು ಐಸ್‌ಲ್ಯಾಂಡಿನ ಉತ್ತರಕ್ಕೆ ಲೊರೆಲ್ಲಾ ಮತ್ತು ರೊಡೆರಿಗೊ ಎಂಬ ಹಲ್‌ನ ಎರಡು ಉಗಿ ಟ್ರಾಲರ್‌ಗಳ ಮೇಲೆ ಅಲೆಯ ತುಂತುರು ಬಿದ್ದಲ್ಲೇ ಹೆಪ್ಪುಗಟ್ಟತೊಡಗಿತು. ಕೊಡಲಿಯಿಂದ ಕಡಿದಷ್ಟೂ ಮಂಜು ಬೆಳೆಯಿತು, ಹಡಗುಗಳ ತಲೆ ಭಾರವಾಯಿತು, ಎರಡೂ ಒಂದೇ ದಿನ ಮಗುಚಿಕೊಂಡವು. ಸತ್ತವರು ನಲವತ್ತು ಮಂದಿ. ಎಂಜಿನ್ ಕೆಟ್ಟು ಹೋದ ಹಡಗುಗಳಲ್ಲ ಅವು. ಬಾಯ್ಲರ್, ರೇಡಿಯೊ ಎಲ್ಲವೂ ಕೆಲಸ ಮಾಡುತ್ತಿದ್ದವು.

ಎರಡನೆಯ ಪ್ರಶ್ನೆಗೆ: ಬಂದಿದ್ದವು, ಆದರೆ ದುಡಿಮೆಗಲ್ಲ, ಪರೀಕ್ಷೆಗೆ. 1908–09ರಲ್ಲಿ ಗೋಲ್ಡನ್ ಕ್ರೌನ್ ಎಂಬ ಉಗಿ ಟ್ರಾಲರ್ ಬಂಗಾಳ ಕೊಲ್ಲಿಯ ಸಮೀಕ್ಷೆ ನಡೆಸಿತು. 1921–22ರಲ್ಲಿ ವಿಲಿಯಂ ಕ್ಯಾರಿಕ್ ಎಂಬುದು ಮುಂಬಯಿಯ ಕಡಲಿನಲ್ಲಿ ಬಲೆ ಎಳೆಯಿತು. 1920ರ ದಶಕದ ಕೊನೆಗೆ ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆ ಲೇಡಿ ಗೋಷನ್ ಎಂಬ ಹಡಗನ್ನು ಓಡಿಸಿತು. ಆಗ ನಮ್ಮ ದಕ್ಷಿಣ ಕನ್ನಡವೂ ಅದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದರೆ ಉಗಿ ಟ್ರಾಲರ್ ನಮ್ಮಲ್ಲಿ ಬೇರೂರಲಿಲ್ಲ. ಇಂಗ್ಲೆಂಡಿನಲ್ಲಿ ಅದರ ಹಿಂದೆ ಕಲ್ಲಿದ್ದಲ ಗಣಿ, ಐಸು, ಮೀನನ್ನು ಮರುದಿನವೇ ಒಳನಾಡಿಗೆ ಮುಟ್ಟಿಸುವ ರೈಲು, ಮೂರೂ ಇದ್ದವು. ಗ್ರಿಮ್ಸ್‌ಬಿಯವರು 1901ರಲ್ಲಿ ಟ್ರಾಲರ್‌ಗಳಿಗೆಂದೇ ದೊಡ್ಡದೊಂದು ಐಸ್ ಕಾರ್ಖಾನೆ ತೆರೆದರು, ಅದಕ್ಕೆ ಮೊದಲು ನಾರ್ವೆಯಿಂದ ಮಂಜುಗಡ್ಡೆಯನ್ನು ಹಡಗಿನಲ್ಲಿ ತರಿಸುತ್ತಿದ್ದರು. ನಮ್ಮ ತೀರದಲ್ಲಿ ಆಗ ಬೂತಾಯಿ ಬಂಗುಡೆ ಮೀನುಗಳು ದಡದಿಂದ ಎಳೆಯುವ ರಂಪಣಿ ಬಲೆಗೆ ಬಿದ್ದರೆ ತಿಂದು ಉಳಿದದ್ದು ಉಪ್ಪಿಗೆ, ಅದೂ ಮಿಕ್ಕಿದರೆ ತೆಂಗಿನ ಬುಡಕ್ಕೆ. ನಮಗೆ ಟ್ರಾಲಿಂಗ್ ಬಂದದ್ದು ಉಗಿಯ ಕಾಲ ಮುಗಿಯುತ್ತಾ ಬಂದಾಗ, ಡೀಸೆಲ್ ಎಂಜಿನ್ನಿನ ಸಣ್ಣ ಬೋಟುಗಳ ಮೂಲಕ.

ಪಡುಗಡಲು

ಬಹಳ ಉಪಕಾರವಾಯಿತು. ತಂದೆಯವರ ಕೊನೆಯ ಪ್ರಶ್ನೆ, ಇದು ಕೊನೆಯದೆಂದು ಅವರೇ ಮಾತು ಕೊಟ್ಟಿದ್ದಾರೆ: ಅಷ್ಟು ಇದ್ದಿಲು ಉರಿದ ಮೇಲೆ ಬೂದಿಯನ್ನು ಏನು ಮಾಡುತ್ತಿದ್ದರು?

ಹಳೆಯ ಬಾಯ್ಲರ್

ಬೂದಿಯನ್ನೂ ಕಿಟ್ಟವನ್ನೂ ಬಕೆಟ್ಟುಗಳಲ್ಲಿ ಮೇಲಕ್ಕೆಳೆದು, ಗಾಳಿ ಹೋಗುವ ಕಡೆಗೆ ನಿಂತು ಕಡಲಿಗೆ ಸುರಿಯುತ್ತಿದ್ದರು. ಗಾಳಿಯ ದಿಕ್ಕು ತಪ್ಪಿದರೆ ಬೂದಿಯೆಲ್ಲ ಡೆಕ್ಕಿನ ಮೇಲೆ ಹರಡಿದ ಮೀನಿನ ಮೇಲೆ ಬಂದು ಕೂರುತ್ತಿತ್ತು. ಬೂದಿ ತೇಲಿ ಹೋಗುತ್ತದೆ, ಕಿಟ್ಟ ಹಾಗಲ್ಲ, ಕಲ್ಲಿನಂತೆ ತಳ ಸೇರುತ್ತದೆ. ಹಳೆಯ ಉಗಿಹಡಗುಗಳ ದಾರಿಯುದ್ದಕ್ಕೂ ಅದು ಕಡಲ ತಳದಲ್ಲಿ ಇಂದಿಗೂ ಬಿದ್ದಿದೆ, ಅಲ್ಲಿ ಬಲೆ ಎಳೆದವರಿಗೆ ಮೀನಿನ ಜೊತೆ ಮೇಲೆ ಬರುತ್ತದೆ.